ಅನುಮತಿ ಕೊಟ್ಟಿದ್ದರೂ ಶೇರ್ಡ್ ಫೋಲ್ಡರ್ ಕೆಲವರಿಗೆ ಕಾಣಿಸುತ್ತಿಲ್ಲ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ವಿಂಡೋಸ್ ಸರ್ವರ್ 2019 ಇರುವ ಫೈಲ್ ಸರ್ವರೊಂದನ್ನು ನಾನು ನೋಡಿಕೊಳ್ಳುತ್ತಿದ್ದೇನೆ. ಅದರಲ್ಲಿ ‘ವಿಭಾಗಗಳು’ ಎಂಬ ಒಂದೇ ಶೇರ್ (ನೆಟ್‌ವರ್ಕ್‌ನಲ್ಲಿ ಹಂಚಿದ ಫೋಲ್ಡರ್) ಇದ್ದು, ಒಳಗೆ ಲೆಕ್ಕಪತ್ರ, ಸಿಬ್ಬಂದಿ, ಯೋಜನೆ ಎಂಬ ಫೋಲ್ಡರ್‌ಗಳಿವೆ. ಇಂದು ಬೆಳಿಗ್ಗೆ ಇಬ್ಬರನ್ನು ಲೆಕ್ಕಪತ್ರದ ಗ್ರೂಪ್‌ಗೆ ಸೇರಿಸಿದೆ. ಒಬ್ಬರಿಗೆ ಲೆಕ್ಕಪತ್ರ ಫೋಲ್ಡರೇ ಕಾಣಿಸುತ್ತಿಲ್ಲ. ಇನ್ನೊಬ್ಬರಿಗೆ ಅದು ಕಾಣಿಸುತ್ತದೆ, ಆದರೆ ಅದರೊಳಗಿನ ‘ಹಳೆಯ ಬಿಲ್ಲುಗಳು’ ಕಾಣಿಸುತ್ತಿಲ್ಲ. ಶೇರ್ ಮಟ್ಟದಲ್ಲಿ ಎವ್ರಿಒನ್‌ಗೆ ಫುಲ್ ಕಂಟ್ರೋಲ್ ಇದೆ, ಲೆಕ್ಕಪತ್ರ ಫೋಲ್ಡರ್‌ನ ಸೆಕ್ಯೂರಿಟಿ ಟ್ಯಾಬ್‌ನಲ್ಲಿ ಗ್ರೂಪ್‌ಗೆ ಮಾಡಿಫೈ (ಓದುವ, ಬದಲಿಸುವ ಅನುಮತಿ) ಇದೆ. ಒಬ್ಬರಿಗೆ ಒಟ್ಟಾರೆ ಏನೇನು ಅನುಮತಿ ಸಿಗುತ್ತದೆಂದು ತೋರಿಸುವ ಎಫೆಕ್ಟಿವ್ ಆಕ್ಸೆಸ್‌ನಲ್ಲಿ ಮೊದಲನೆಯವರ ಹೆಸರು ಕೊಟ್ಟು ಪರೀಕ್ಷಿಸಿದರೆ ಓದುವ, ಬರೆಯುವ ಸಾಲುಗಳಿಗೆಲ್ಲ ಹಸಿರು ಗುರುತೇ ಬರುತ್ತದೆ. ಸರ್ವರ್ ಮುಂದೆ ಕುಳಿತು ನೋಡಿದರೆ ಎಲ್ಲವೂ ಇದ್ದಲ್ಲೇ ಇದೆ. ದೋಷ ಎಲ್ಲಿರಬಹುದೆಂದು ತಿಳಿಸಿಕೊಡುತ್ತೀರಾ?

ಉತ್ತರ 1

ಸೆಕ್ಯೂರಿಟಿ ಟ್ಯಾಬ್‌ನಲ್ಲಿಯೂ ಎವ್ರಿಒನ್‌ಗೆ ಫುಲ್ ಕಂಟ್ರೋಲ್ ಕೊಟ್ಟುಬಿಡಿ, ಎಲ್ಲರಿಗೂ ಕಾಣಿಸುತ್ತದೆ.

ಉತ್ತರ 2

ದಯವಿಟ್ಟು ಹಾಗೆ ಮಾಡಬೇಡಿ. ಶೇರ್ ಮಟ್ಟದಲ್ಲಿ ಈಗಾಗಲೇ ಬಾಗಿಲು ಪೂರ್ತಿ ತೆರೆದಿದೆ. ಎರಡು ಮಟ್ಟಗಳಲ್ಲಿ ಬಿಗಿಯಾದದ್ದೇ ಜಾರಿಗೆ ಬರುವುದರಿಂದ ನಿಮ್ಮ ಕಡತಗಳನ್ನು ಕಾಯುತ್ತಿರುವುದು ಸೆಕ್ಯೂರಿಟಿ ಟ್ಯಾಬ್‌ನಲ್ಲಿರುವ ಎನ್‌ಟಿಎಫ್‌ಎಸ್ (ವಿಂಡೋಸ್‌ನ ಫೈಲ್ ವ್ಯವಸ್ಥೆ) ಅನುಮತಿ ಮಾತ್ರ. ಅದನ್ನೂ ಸಡಿಲಿಸಿದರೆ ಸಂಬಳದ ಕಡತಗಳನ್ನು ಯಾರು ಬೇಕಾದರೂ ಅಳಿಸಬಹುದು.

ಫೋಲ್ಡರ್ ಕಾಣಿಸದೇ ಇರುವುದನ್ನು ನೋಡಿದರೆ, ಆ ಶೇರ್‌ನಲ್ಲಿ ಆಕ್ಸೆಸ್ ಬೇಸ್ಡ್ ಎನ್ಯೂಮರೇಷನ್ ಚಾಲನೆಯಲ್ಲಿರಬೇಕು. ಬಳಕೆದಾರರಿಗೆ ಓದುವ ಅನುಮತಿಯಿಲ್ಲದ ಫೋಲ್ಡರ್‌ಗಳನ್ನು ಅದು ಪಟ್ಟಿಯಿಂದಲೇ ತೆಗೆದುಬಿಡುತ್ತದೆ. ಅದರ ಪರಿಣಾಮ ಶೇರ್ ಮೂಲಕ ಬಂದವರಿಗಷ್ಟೇ. ಸರ್ವರ್ ಮುಂದೆ ಕುಳಿತವರಿಗೆ ಅದು ಏನನ್ನೂ ಮರೆಮಾಡುವುದಿಲ್ಲವಾದ್ದರಿಂದ ಅಲ್ಲಿ ಮಾಡಿದ ಪರೀಕ್ಷೆಯಿಂದ ಪ್ರಯೋಜನವಿಲ್ಲ.

ಮೊದಲನೆಯವರ ವಿಷಯದಲ್ಲಿ ಹಸಿರು ಗುರುತೇ ನಿಮ್ಮ ದಾರಿ ತಪ್ಪಿಸಿದೆ ಎನಿಸುತ್ತದೆ. ಎಫೆಕ್ಟಿವ್ ಆಕ್ಸೆಸ್ ಲೆಕ್ಕ ಹಾಕುವುದು ಡೈರೆಕ್ಟರಿಯಲ್ಲಿ (ಬಳಕೆದಾರರ, ಗ್ರೂಪ್‌ಗಳ ಕೇಂದ್ರ ದಾಖಲೆಯಲ್ಲಿ) ಈ ಕ್ಷಣ ಇರುವ ಗ್ರೂಪ್ ಸದಸ್ಯತ್ವವನ್ನು ನೋಡಿ. ಆದರೆ ಬಳಕೆದಾರರು ಸರ್ವರ್‌ಗೆ ತೋರಿಸುವುದು ತಮ್ಮ ಬಳಿ ಮೊದಲೇ ಇರುವ ಕರ್ಬೆರೋಸ್ ಟಿಕೆಟ್ಟನ್ನು, ಅಂದರೆ ಲಾಗಿನ್ ಆದಾಗ ಸಿಗುವ ಡಿಜಿಟಲ್ ಗುರುತಿನ ಚೀಟಿಯನ್ನು. ಅದರೊಳಗಿನ ಗ್ರೂಪ್‌ಗಳ ಪಟ್ಟಿ ಅವರು ಲಾಗಿನ್ ಆದ ಹೊತ್ತಿನದು, ಮತ್ತು ಡೊಮೇನ್‌ನ ಮೂಲ ಸೆಟ್ಟಿಂಗ್ ಬದಲಾಗಿರದಿದ್ದರೆ ಆ ಟಿಕೆಟ್ 10 ಗಂಟೆ ಚಲಾವಣೆಯಲ್ಲಿರುತ್ತದೆ. ಅವರ ಗಣಕದಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು, ‘ಹೂ ಆ್ಯಮ್ ಐ’ ಕಮಾಂಡ್‌ಗೆ ‘ಗ್ರೂಪ್ಸ್’ ಸ್ವಿಚ್ ಸೇರಿಸಿ ಓಡಿಸಿ. ಲೆಕ್ಕಪತ್ರದ ಗ್ರೂಪ್ ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಪೂರ್ತಿ ಲಾಗಾಫ್ ಆಗಿ ಮತ್ತೆ ಲಾಗಿನ್ ಆಗಲು ಹೇಳಿ. ಪರದೆ ಲಾಕ್ ಮಾಡಿ ತೆರೆದರೆ ಸಾಲದು.

ಉತ್ತರ 3

ಎರಡನೆಯವರ ತೊಂದರೆ ಬೇರೆ ಜಾತಿಯದು. ‘ಹಳೆಯ ಬಿಲ್ಲುಗಳು’ ಮೊದಲಿನಿಂದಲೂ ಅಲ್ಲೇ ಇತ್ತೇ, ಅಥವಾ ಬೇರೆಡೆಯಿಂದ ಎಳೆದು ತಂದು ಹಾಕಿದ್ದೇ? ಒಂದೇ ವಾಲ್ಯೂಮ್‌ನೊಳಗೆ (ಒಂದೇ ಡ್ರೈವ್‌ನೊಳಗೆ) ಫೋಲ್ಡರನ್ನು ಮೂವ್ ಮಾಡಿದರೆ ಅದು ತನ್ನ ಹಳೆಯ ಅನುಮತಿಗಳನ್ನು ಹೊತ್ತುಕೊಂಡೇ ಬರುತ್ತದೆ. ಕಾಪಿ ಮಾಡಿದರೆ ಮಾತ್ರ ಹೊಸ ಜಾಗದ ಅನುಮತಿ ಸಿಗುತ್ತದೆ. ಆ ಫೋಲ್ಡರ್‌ನ ಅಡ್ವಾನ್ಸ್‌ಡ್ ಸೆಕ್ಯೂರಿಟಿಯಲ್ಲಿ ಯಾವ ಗ್ರೂಪ್‌ಗಳಿವೆ ಎಂದು ನೋಡಿ ತಿಳಿಸಿ.

ಪ್ರಶ್ನೆ ಕೇಳಿದವರಿಂದ

ಮೊದಲನೆಯವರ ಪಟ್ಟಿಯಲ್ಲಿ ಹೊಸ ಗ್ರೂಪ್ ಇರಲೇ ಇಲ್ಲ. ಲಾಗಾಫ್ ಆಗಿ ಬಂದ ಕೂಡಲೇ ಫೋಲ್ಡರ್ ಕಾಣಿಸಿತು. ಎರಡನೆಯವರು ನಾನು ಸೇರಿಸಿದ ಮೇಲೆ ಲಾಗಿನ್ ಆಗಿದ್ದರು, ಹಾಗಾಗಿ ಅವರಿಗೆ ಆ ತೊಂದರೆ ಬರಲಿಲ್ಲ. ಬಿಲ್ಲುಗಳ ಫೋಲ್ಡರನ್ನು ಕಳೆದ ತಿಂಗಳು ‘ಯೋಜನೆ’ಯಿಂದ ಎಳೆದು ತಂದದ್ದು ನಿಜ, ಅದರ ಮೇಲೆ ಇಂದಿಗೂ ಯೋಜನೆಯ ಗ್ರೂಪ್ ಮಾತ್ರ ಇದೆ. ಲೆಕ್ಕಪತ್ರದ ಹಳಬರು ಎರಡೂ ಗ್ರೂಪ್‌ಗಳಲ್ಲಿ ಇರುವುದರಿಂದ ಈವರೆಗೆ ಯಾರೂ ದೂರಿರಲಿಲ್ಲ. ಇದನ್ನು ಸರಿಪಡಿಸುವ ಸುರಕ್ಷಿತ ದಾರಿ ಯಾವುದು?

ಉತ್ತರ 3

ಮೊದಲು, ಅನುಮತಿಗಳನ್ನು ನೋಡಲು, ಬದಲಿಸಲು ಬಳಸುವ ಐಕ್ಯಾಕಲ್ಸ್ ಕಮಾಂಡ್‌ನ ‘ಸೇವ್’ ಸ್ವಿಚ್ ಬಳಸಿ ಈಗಿನ ಅನುಮತಿಗಳನ್ನು ಒಂದು ಫೈಲ್‌ಗೆ ಬರೆದಿಟ್ಟುಕೊಳ್ಳಿ. ಏನಾದರೂ ಎಡವಟ್ಟಾದರೆ ಅದರಿಂದಲೇ ಮರಳಿಸಬಹುದು. ನಂತರ ಅದೇ ಕಮಾಂಡನ್ನು ‘ರೀಸೆಟ್’ ಮತ್ತು ‘ಟಿ’ ಸ್ವಿಚ್‌ಗಳೊಂದಿಗೆ ಬಿಲ್ಲುಗಳ ಫೋಲ್ಡರ್ ಮೇಲೆ ಓಡಿಸಿದರೆ, ಒಳಗಿನ ಎಲ್ಲ ಕಡತಗಳೂ ಮೇಲಿನ ಫೋಲ್ಡರ್‌ನ ಅನುಮತಿಯನ್ನು ಪಡೆಯುತ್ತವೆ. ಯಾರಿಗಾದರೂ ಬಿಡಿಯಾಗಿ ಕೊಟ್ಟ ಅನುಮತಿಗಳಿದ್ದರೆ ಅವೂ ಅಳಿಸಿಹೋಗುತ್ತವೆ ಎಂಬುದು ನೆನಪಿರಲಿ.

ಉತ್ತರ 2

ಒಂದು ಮಾತು ಸೇರಿಸುತ್ತೇನೆ. ಮುಂದೆ ಯಾರಿಗಾದರೂ ಒಳಗಿನ ಫೋಲ್ಡರ್‌ಗೆ ಮಾತ್ರ ಅನುಮತಿ ಕೊಡಬೇಕಾಗಿ ಬಂದರೆ, ಹೊರಗಿನದು ಕಾಣಿಸದ ಕಾರಣ ಅವರು ಕ್ಲಿಕ್ ಮಾಡುತ್ತ ಅಲ್ಲಿಗೆ ತಲುಪಲಾರರು. ಪೂರ್ತಿ ಪಾಥ್ ಟೈಪ್ ಮಾಡಿದರೆ ಮಾತ್ರ ತೆರೆಯುತ್ತದೆ. ಅಂಥಲ್ಲಿ ಹೊರಗಿನ ಫೋಲ್ಡರ್‌ಗೆ ಓದುವ ಅನುಮತಿಯನ್ನು ‘ದಿಸ್ ಫೋಲ್ಡರ್ ಓನ್ಲಿ’ ಎಂದು ಆಯ್ದು ಕೊಡಿ. ಆಗ ದಾರಿ ಕಾಣಿಸುತ್ತದೆ, ಪಕ್ಕದ ಕಡತಗಳು ಕಾಣಿಸುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಸೇವ್ ಮಾಡಿಕೊಂಡು ರೀಸೆಟ್ ಓಡಿಸಿದೆ. ಇಬ್ಬರೂ ಈಗ ಬಿಲ್ಲುಗಳನ್ನು ತೆರೆಯುತ್ತಿದ್ದಾರೆ. ಇನ್ನು ಯಾವ ಫೋಲ್ಡರ್‌ಗಳು ಹೀಗೆ ಎಳೆದು ತಂದವು ಎಂದು ಸಂಜೆ ಒಂದೊಂದಾಗಿ ನೋಡುತ್ತೇನೆ. ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು.