ಸಹಾಯ ಬೇಕು: ಪೇಟೆ ತಂತಿ ಮೇಲಿನ ಸ್ವಾಲೋಗಳ ಫೋಟೋ

ಎಲ್ಲರಿಗೂ ನಮಸ್ಕಾರ. ತುಮಕೂರಿನ ಬಿ.ಎಚ್. ರಸ್ತೆ ಹತ್ತಿರ ನಮ್ಮ ಮನೆ. ಸಂಜೆ ಆಯ್ತು ಅಂದ್ರೆ ಮುಂದಿನ ಕರೆಂಟು ತಂತಿಗಳ ಮೇಲೆ ಬಾರ್ನ್ ಸ್ವಾಲೋ ಅನ್ನುವ ಪುಟ್ಟ ಹಕ್ಕಿಗಳು ಸಾಲಾಗಿ ಬಂದು ಕೂರುತ್ತವೆ. ಹಿಮಾಲಯದ ಕಡೆಯಿಂದ, ಅದರಾಚೆಯಿಂದಲೂ ಚಳಿಗಾಲಕ್ಕೆ ಬರುವ ಹಕ್ಕಿ. ತೂಕ ಸುಮಾರು 20 ಗ್ರಾಂ ಅಷ್ಟೇ! ಕೆಳಗೆ ಬಸ್ಸು, ಆಟೋ ಹಾರ್ನ್ ಹೊಡೆಯುತ್ತಿದ್ದರೂ ಇವು ಮೈ ಉಬ್ಬಿಸಿಕೊಂಡು, ಕೊಕ್ಕನ್ನು ಬೆನ್ನಿನ ಗರಿಯೊಳಗೆ ತೂರಿಸಿ ನಿದ್ದೆ ಮಾಡುತ್ತವೆ. ಮಾರ್ಚ್, ಏಪ್ರಿಲ್ ಹೊತ್ತಿಗೆ ಹೊರಟುಬಿಡುತ್ತವೆ. ಅಷ್ಟರೊಳಗೆ ಒಂದು ಒಳ್ಳೆ ಫೋಟೋ ತೆಗೀಬೇಕು ಅಂತ ತುಂಬಾ ಆಸೆ.

ನನ್ನ ಹತ್ತಿರ 70-300 ಮಿ.ಮೀ. ಜೂಮ್ ಲೆನ್ಸ್ ಇದೆ. 300ರಲ್ಲಿ ಅಪರ್ಚರ್ (ಬೆಳಕು ಒಳಬಿಡುವ ಕಿಂಡಿ) f/5.6ಕ್ಕಿಂತ ದೊಡ್ಡದಾಗಿ ತೆರೆಯಲ್ಲ. ಹಾರಿ ಬರುವಾಗ ಹಿಡಿಯೋಣ ಅಂತ ಶಟರ್ 1/1000 ಸೆಕೆಂಡ್ ಇಟ್ಟರೆ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 6400 ದಾಟುತ್ತದೆ. ಹಕ್ಕಿಯ ಗಂಟಲಿನ ಇಟ್ಟಿಗೆ ಕೆಂಪು ಬಣ್ಣವೇ ಕಾಳುಕಾಳಾಗಿ ಹೋಗುತ್ತದೆ. ಬೀದಿಯ ಎಲ್ಇಡಿ ದೀಪ ಹತ್ತಿದ ಮೇಲಂತೂ ಅದರ ಮಿಣುಕಿಗೆ ಫೋಟೋದಲ್ಲಿ ಅಡ್ಡ ಪಟ್ಟಿಗಳು. ಶಟರ್ 1/100ಕ್ಕೆ ಇಳಿಸಿದರೆ ಪಟ್ಟಿ ಹೋಗುತ್ತದೆ, ಆದರೆ ರೆಕ್ಕೆ ಮಸುಕು. ಫೋಕಸ್ ಬೇರೆ ಹಕ್ಕಿ ಬಿಟ್ಟು ತಂತಿಗೇ ಅಂಟಿಕೊಳ್ಳುತ್ತದೆ.

ಫ್ಲ್ಯಾಶ್ ಹಾಕು ಅಂತ ಒಬ್ಬರು ಹೇಳಿದರು. ನನಗೆ ಇಷ್ಟವಿಲ್ಲ. ಮಲಗಿದ ಹಕ್ಕಿಯನ್ನು ಎಬ್ಬಿಸಿ, ಕತ್ತಲಲ್ಲಿ ತಂತಿಗಳ ನಡುವೆ ಹಾರಿಸೋದು ತಪ್ಪಲ್ವಾ?

ಹಾಗಾಗಿ ಕೇಳುತ್ತಿದ್ದೇನೆ. ದೀಪ ಹತ್ತುವ ಮೊದಲಿನ ಆ ಹದಿನೈದು ನಿಮಿಷದಲ್ಲಿ ನೀವು ಯಾವ ಸೆಟ್ಟಿಂಗ್ ಇಡ್ತೀರಿ? ಬೆಳಿಗ್ಗೆ ಹಕ್ಕಿಗಳು ಎದ್ದು ಹೋಗುವಾಗ ಹಿಡಿಯೋದು ಸುಲಭವಾ? ಇನ್ನೊಂದು, ಈ ಕಡೆ ತಂತಿ ಎತ್ತರಕ್ಕೆ ಸರಿಯಾಗಿ ಬರುವ ಮಹಡಿ ಇರುವವರು ಒಂದೆರಡು ಸಂಜೆ ನಿಲ್ಲೋಕೆ ಬಿಟ್ಟರೆ ದೊಡ್ಡ ಉಪಕಾರ. ದಯವಿಟ್ಟು ಮೆಸೇಜ್ ಮಾಡಿ.