ಅಪ್ಪನಿಗೆ ಲೈಸಿನ್ ಮಾತ್ರೆ ಕೊಡಬಹುದಾ, ಊಟದಲ್ಲೇ ಸಿಗುತ್ತಾ?

ಹಿರಿಮಗಳು:
ಅಪ್ಪನಿಗೆ ಎಪ್ಪತ್ತರ ಹತ್ತಿರ, ತೂಕ 55 ಕಿಲೊ. ಮೊಣಕಾಲಿನ ಆಪರೇಷನ್ ಆದಮೇಲೆ ತೊಡೆ ಸೊರಗಿಹೋಗಿದೆ, ಕುರ್ಚಿಯಿಂದ ಏಳಬೇಕಾದರೆ ಎರಡೂ ಕೈ ಊರಬೇಕು. ಹಲ್ಲಿನ ತೊಂದರೆ ಬೇರೆ. ಹಾಗಾಗಿ ಮೆತ್ತಗಿನ ಅನ್ನ, ಬ್ರೆಡ್ಡು ಬಿಟ್ಟರೆ ಏನೂ ಮುಟ್ಟುವುದಿಲ್ಲ. ಪರಿಚಯದವರೊಬ್ಬರು "ಲೈಸಿನ್ ಕಮ್ಮಿ ಆಗಿರುತ್ತೆ, 1000 ಮಿಲಿಗ್ರಾಂ ಮಾತ್ರೆ ಶುರು ಮಾಡಿ" ಅಂದರು. ಕೊಡಬಹುದಾ?

ಪಥ್ಯದಡುಗೆ:
ನಾನು ಡಯಟಿಷಿಯನ್. ವಯಸ್ಸಾದವರ ಊಟದ ಲೆಕ್ಕ ಹಾಕುವುದೇ ನನ್ನ ದಿನದ ಕೆಲಸ. ನಿಮ್ಮ ಪರಿಚಯದವರ ಅನುಮಾನ ಸರಿ, ಮದ್ದು ಸರಿಯಿಲ್ಲ.

ಪ್ರೋಟೀನ್ ಕಟ್ಟಲು ಬೇಕಾದ ತುಣುಕುಗಳಿಗೆ ಅಮೈನೋ ಆಮ್ಲ ಅನ್ನುತ್ತಾರೆ. ಅವುಗಳಲ್ಲಿ ನಮ್ಮ ದೇಹ ತಾನಾಗಿ ತಯಾರಿಸಿಕೊಳ್ಳಲಾಗದವು 9, ಲೈಸಿನ್ ಅವುಗಳಲ್ಲಿ ಒಂದು. ಅಕ್ಕಿ, ಗೋಧಿ, ಜೋಳ, ಯಾವ ಧಾನ್ಯ ತೆಗೆದುಕೊಂಡರೂ ಮೊದಲು ಕೊರತೆ ಬೀಳುವುದು ಸಾಮಾನ್ಯವಾಗಿ ಇದೇ. ವಿಶ್ವ ಆರೋಗ್ಯ ಸಂಸ್ಥೆಯ 2007ರ ವರದಿ ಪ್ರಕಾರ ವಯಸ್ಕರಿಗೆ ದಿನಕ್ಕೆ ತೂಕದ ಪ್ರತಿ ಕಿಲೊಗೆ 30 ಮಿಲಿಗ್ರಾಂ ಬೇಕು. ಅಂದರೆ ಅಪ್ಪನಿಗೆ 1650. ನೂರು ಗ್ರಾಂ ಅನ್ನದಲ್ಲಿ ಸಿಗುವುದು ಸುಮಾರು 95. ಬರೀ ಅನ್ನದಲ್ಲೇ ತುಂಬಿಸುತ್ತೇನೆ ಅಂದರೆ ಒಂದೂ ಮುಕ್ಕಾಲು ಕಿಲೊ ತಿನ್ನಬೇಕು!

ಈಗ ಇದನ್ನು ನೋಡಿ. ಅರ್ಧ ಕಿಲೊ ಅನ್ನ, ಜೊತೆಗೆ 150 ಗ್ರಾಂ ಬೆಂದ ಬೇಳೆ, ಒಂದು ಲೋಟ ಹಾಲು. ಬೇಳೆಯೊಂದರಿಂದಲೇ 900ರ ಮೇಲೆ ಬರುತ್ತದೆ, ಹಾಲಿನಿಂದ 500ರಷ್ಟು. ಒಟ್ಟು 1900 ದಾಟಿತು. ಲೈಸಿನ್ ಕತೆ ಮುಗಿಯಿತು. ಆದರೆ ಇದೇ ಊಟದಲ್ಲಿ ಪ್ರೋಟೀನ್ ಎಷ್ಟಿದೆ ಗೊತ್ತಾ? ಹೆಚ್ಚುಕಮ್ಮಿ 33 ಗ್ರಾಂ. ಅವರಿಗೆ ಕನಿಷ್ಠ 46 ಬೇಕು, ಸೊರಗಿದ ಸ್ನಾಯು ತುಂಬಿಕೊಳ್ಳಲು ಇನ್ನೂ ಹೆಚ್ಚು. ಮಾತ್ರೆ ನುಂಗಿಸಿದರೆ ಈ ಗುಂಡಿ ಮುಚ್ಚುವುದಿಲ್ಲ, ಒಂದು ಗ್ರಾಂ ಲೈಸಿನ್ ಅಷ್ಟೇ ಹೋಗುತ್ತದೆ. ಉಳಿದ 8 ಅಮೈನೋ ಆಮ್ಲ ಎಲ್ಲಿಂದ ಬರಬೇಕು? ಮನೆಯವರು ಮಾತ್ರೆ ಕೊಟ್ಟು ನಿಶ್ಚಿಂತೆಯಿಂದ ಕೂರುವುದೇ ನನಗೆ ದೊಡ್ಡ ಸಂಕಟ.

ಬೇಳೆಯನ್ನು ನುಣ್ಣಗೆ ಅರೆದು ಅನ್ನಕ್ಕೇ ಕಲಸಿಬಿಡಿ, ಹಲ್ಲಿಗೆ ಕೆಲಸವೇ ಇರುವುದಿಲ್ಲ. ಮೊಸರು ಸೇರಿಸಿ. ಮೊಟ್ಟೆ ತಿನ್ನುವವರಾದರೆ ಮೆತ್ತಗೆ ಬೇಯಿಸಿ ಕೊಡಿ, ಒಂದರಲ್ಲಿ 6 ಗ್ರಾಂ ಪ್ರೋಟೀನ್ ಇದೆ. ಎಲ್ಲವೂ ಒಂದೇ ಹೊತ್ತಿಗೆ ಸೇರಬೇಕೆಂದಿಲ್ಲ, ದಿನದೊಳಗೆ ಸೇರಿದರಾಯಿತು. ಬ್ರೆಡ್ಡನ್ನು ಕಂದು ಬಣ್ಣ ಬರುವ ಹಾಗೆ ಸುಡಬೇಡಿ. ಇರುವ ಅಲ್ಪಸ್ವಲ್ಪ ಲೈಸಿನ್ ಶಾಖದಲ್ಲಿ ಸಕ್ಕರೆ ಅಂಶಕ್ಕೆ ಅಂಟಿಕೊಂಡು ದೇಹಕ್ಕೆ ಸಿಗದಂತಾಗುತ್ತದೆ.

ತುಟಿಹುಣ್ಣು:
ತುಟಿ ಮೇಲೆ ಪದೇಪದೇ ಹರ್ಪಿಸ್ ಗುಳ್ಳೆ ಏಳುತ್ತೆ ಅಂತ ನಾನು ಇದೇ ಮಾತ್ರೆ ತಗೊಳ್ತಿದ್ದೆ. ಅದಕ್ಕಾದರೂ ಉಪಯೋಗ ಇದೆಯಾ?

ಪಥ್ಯದಡುಗೆ:
ಬಹಳ ಜನ ಅದಕ್ಕೇ ತಗೊಳ್ತಾರೆ. ಗುಳ್ಳೆ ತಡೆಯುತ್ತದೆ ಅನ್ನಲು ಗಟ್ಟಿ ಪುರಾವೆ ಸಿಕ್ಕಿಲ್ಲ. ಪದೇಪದೇ ಬರುತ್ತಿದ್ದರೆ ವೈರಸ್ ವಿರುದ್ಧದ ಔಷಧಿ ಬಗ್ಗೆ ಡಾಕ್ಟರ ಹತ್ತಿರ ಕೇಳಿ.

ಹಿರಿಮಗಳು:
ತುಂಬಾ ಥ್ಯಾಂಕ್ಸ್ ಮೇಡಂ. ಒಂದು ವಿಷಯ ಬಿಟ್ಟಿದ್ದೆ: ರಕ್ತ ಪರೀಕ್ಷೆಯಲ್ಲಿ ಅಪ್ಪನ ಕ್ರಿಯಾಟಿನಿನ್ ಸ್ವಲ್ಪ ಜಾಸ್ತಿ ಬಂದಿದೆ. ಆದ್ರೂ ಬೇಳೆ, ಮೊಟ್ಟೆ ಹೆಚ್ಚಿಸಬಹುದಾ?

ಪಥ್ಯದಡುಗೆ:
ಹಾಗಿದ್ದರೆ ಸದ್ಯಕ್ಕೆ ತಡೆಯಿರಿ. ಕ್ರಿಯಾಟಿನಿನ್ ಜಾಸ್ತಿ ಅಂದರೆ ಕಿಡ್ನಿಯ ಕೆಲಸ ಕುಂದಿರಬಹುದು. ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂಬುದರ ಮೇಲೆ ಪ್ರೋಟೀನ್ ಎಷ್ಟು ಕೊಡಬೇಕು ಅನ್ನುವುದು ನಿಂತಿದೆ. ಲೈಸಿನ್ ಮಾತ್ರೆಯನ್ನಂತೂ ಮುಟ್ಟಲೇಬೇಡಿ. ರಿಪೋರ್ಟ್ ಹಿಡಿದುಕೊಂಡು ಈ ವಾರವೇ ಡಾಕ್ಟರನ್ನು ಕಾಣಿ, ದಿನಕ್ಕೆ ಎಷ್ಟು ಗ್ರಾಂ ಅಂತ ಬರೆಸಿಕೊಂಡು ಬನ್ನಿ. ಆ ಅಂಕಿ ಇಲ್ಲಿ ಹಾಕಿದರೆ ಬೆಳಗ್ಗೆಯಿಂದ ರಾತ್ರಿಯವರೆಗೆ ಏನೇನು ಕೊಡಬಹುದು ಅಂತ ನಾನೇ ಕೂಡಿಸಿ ಬರೆಯುತ್ತೇನೆ.