ಮುಧೋಳ ನಾಯಿಯೊಂದಿಗೆ ಚಾರಣ: ಎಲ್ಲಿಗೆ ಹೋಗಬಹುದು, ಯಾವ ಎಚ್ಚರ ಬೇಕು?

ಪ್ರಶ್ನೆ (ಬೆಂಗಳೂರಿನಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಎರಡು ವರ್ಷದ ಮುಧೋಳ ತಳಿಯ ಹೆಣ್ಣು ನಾಯಿ ಇದೆ. ಊರೊಳಗಿನ ಓಡಾಟ ಅದಕ್ಕೆ ಸಾಲುತ್ತಿಲ್ಲವಾದ್ದರಿಂದ, ಮಳೆಗಾಲ ಮುಗಿದ ಮೇಲೆ ಚಾರಣಕ್ಕೆ ಕರೆದುಕೊಂಡು ಹೋಗಬೇಕೆಂದಿದ್ದೇವೆ. ಕುಮಾರಪರ್ವತ ಅಥವಾ ಕುದುರೆಮುಖ ನಮ್ಮ ಮನಸ್ಸಿನಲ್ಲಿವೆ. ಕಾಡಿನಲ್ಲಿ ನಾಯಿಯನ್ನು ಬಿಚ್ಚಿಬಿಟ್ಟರೇ ಅದಕ್ಕೆ ನಿಜವಾದ ಸಂತೋಷ ಎಂದು ಕೆಲವು ಗೆಳೆಯರು ಹೇಳುತ್ತಾರೆ. ನನಗೆ ಆ ಧೈರ್ಯ ಬರುತ್ತಿಲ್ಲ. ನಾಯಿಗೂ ಅಪಾಯವಾಗದಂತೆ, ದಾರಿಯಲ್ಲಿ ಎದುರಾಗುವ ಜನರಿಗೂ ದನಕರುಗಳಿಗೂ ತೊಂದರೆಯಾಗದಂತೆ ಹೋಗಿಬರುವುದು ಹೇಗೆಂದು ಅನುಭವಿಗಳು ತಿಳಿಸಬೇಕಾಗಿ ಕೋರುತ್ತೇನೆ.

ಉತ್ತರ 1 (ಸಕಲೇಶಪುರದಿಂದ, ಚಾರಣ ಮಾರ್ಗದರ್ಶಕ)

ನೀವು ಹೆಸರಿಸಿದ ಎರಡೂ ಜಾಗಗಳನ್ನು ಮೊದಲೇ ಕೈಬಿಡಬೇಕಾಗುತ್ತದೆ. ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗಿದೆ, ಕುಮಾರಪರ್ವತ ಪುಷ್ಪಗಿರಿ ವನ್ಯಜೀವಿಧಾಮಕ್ಕೆ ಸೇರಿದೆ. ಇಂತಹ ಸಂರಕ್ಷಿತ ಪ್ರದೇಶಗಳಿಗೆ ಸಾಕುನಾಯಿಯನ್ನು ಒಯ್ಯುವಂತಿಲ್ಲ. ಈ ನಿಯಮಕ್ಕೆ ಬಲವಾದ ಕಾರಣವಿದೆ. ನಾಯಿಗಳಿಗೆ ಬರುವ ಡಿಸ್ಟೆಂಪರ್ ರೋಗ ಕಾಡುಪ್ರಾಣಿಗಳಿಗೂ ತಗಲುತ್ತದೆ. 2018ರಲ್ಲಿ ಗುಜರಾತಿನ ಗಿರ್ ಅರಣ್ಯದಲ್ಲಿ ಸಿಂಹಗಳು ಸಾಯತೊಡಗಿದಾಗ ಅವುಗಳಲ್ಲಿ ಪತ್ತೆಯಾದದ್ದು ಇದೇ ವೈರಸ್. ನಮ್ಮ ಘಟ್ಟದ ಸೀಳುನಾಯಿಗಳಂತೂ ನಾಯಿಯ ಹತ್ತಿರದ ಸಂಬಂಧಿಗಳೇ ಆಗಿರುವುದರಿಂದ, ಲಸಿಕೆ ಹಾಕಿಸಿದ ನಾಯಿಯನ್ನೂ ಅವುಗಳ ನೆಲೆಯಿಂದ ದೂರವಿಡುವುದೇ ಸರಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಬಿಚ್ಚಿಬಿಡುವ ಮಾತನ್ನು ದಯವಿಟ್ಟು ಕೇಳಬೇಡಿ. ಮುಧೋಳ ನಾಯಿ ಕಣ್ಣಿನಿಂದ ಬೇಟೆಯಾಡುವ ತಳಿ. ಮೊಲವೊಂದು ಕಣ್ಣೆದುರು ಜಿಗಿದರೆ ನೀವು ಎಷ್ಟು ಕೂಗಿದರೂ ಅದರ ಕಿವಿಗೆ ಬೀಳುವುದಿಲ್ಲ. ನಮ್ಮ ಭಾಗದ ಕಾಫಿ ತೋಟಗಳಲ್ಲಿ ಆನೆಗಳು ಓಡಾಡುತ್ತವೆ. ಬಿಟ್ಟ ನಾಯಿ ಆನೆಯನ್ನೋ ಕರಡಿಯನ್ನೋ ಕಂಡು ಬೊಗಳಿ ಕೆಣಕುತ್ತದೆ, ಅದು ತಿರುಗಿಬಿದ್ದ ಕೂಡಲೇ ರಕ್ಷಣೆಗಾಗಿ ಯಜಮಾನನ ಕಡೆಗೇ ಓಡಿಬರುತ್ತದೆ, ಹಿಂದೆಯೇ ಆ ಪ್ರಾಣಿಯೂ ಬರುತ್ತದೆ. ಚಿರತೆಗಂತೂ ನಾಯಿ ಸುಲಭದ ಬೇಟೆ. ಆದ್ದರಿಂದ ಸಂಜೆಗತ್ತಲಾಗುವ ಮೊದಲೇ ಹಿಂದಿರುಗಿರಬೇಕು.

ನಾಯಿಗಳನ್ನು ಒಪ್ಪುವ ಹೋಮ್‌ಸ್ಟೇಗಳಿರುವ ತೋಟಗಳಲ್ಲಿ, ಮಾಲೀಕರ ಅನುಮತಿ ಪಡೆದು, ಆನೆಗಳ ಸುಳಿವನ್ನು ಅಂದಂದೇ ವಿಚಾರಿಸಿ, ತೋಟದ ದಾರಿಗಳಲ್ಲೇ ನಡೆಯುವುದು ಒಳ್ಳೆಯ ಆರಂಭ. ಬೆಂಗಳೂರಿನ ಸುತ್ತಲಿನ ಬೆಟ್ಟಗಳಲ್ಲಿ ಹಲವು ಅರಣ್ಯ ಇಲಾಖೆಯ ಅಧೀನದಲ್ಲಿರುವುದರಿಂದ ಟಿಕೆಟ್ ಕಾಯ್ದಿರಿಸುವ ಮುನ್ನವೇ ನಾಯಿಯ ವಿಷಯವನ್ನು ಕೇಳಿಕೊಳ್ಳಿ.

ಉತ್ತರ 2 (ಶಿವಮೊಗ್ಗದಿಂದ, ಪಶುವೈದ್ಯೆ)

ಮೇಲಿನ ಉತ್ತರಕ್ಕೆ ಆರೋಗ್ಯದ ಎರಡು ಸಂಗತಿಗಳನ್ನು ಸೇರಿಸುತ್ತೇನೆ.

ಮೊದಲನೆಯದು ಉಣ್ಣೆ. ಮಳೆ ನಿಂತು ಕಾಡು ಒಣಗತೊಡಗಿದಾಗ ಮರಿ ಉಣ್ಣೆಗಳು ಹೆಚ್ಚುತ್ತವೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ, ಉಣ್ಣೆ ಕಡಿತದಿಂದ ಮನುಷ್ಯರಿಗೆ ಹರಡುವ ಮಂಗನ ಕಾಯಿಲೆ ಮಲೆನಾಡಿನಲ್ಲಿ ಮುಖ್ಯವಾಗಿ ಡಿಸೆಂಬರ್‌ನಿಂದ ಮೇವರೆಗೆ ಕಾಣಿಸಿಕೊಳ್ಳುವುದು ಇದೇ ಕಾರಣಕ್ಕೆ. ಉಣ್ಣೆ ನಿವಾರಣೆಗೆಂದು ನಾಯಿಗೆ ನುಂಗಿಸುವ ಮಾತ್ರೆ ಒಳ್ಳೆಯದೇ, ಆದರೆ ಅದು ಕಚ್ಚಿದ ಉಣ್ಣೆಯನ್ನು ಮಾತ್ರ ಕೊಲ್ಲುತ್ತದೆ. ಇನ್ನೂ ಕಚ್ಚದೆ ಕೂದಲ ನಡುವೆ ಕುಳಿತು ಮನೆಗೆ ಬರುವ ಉಣ್ಣೆಯನ್ನು ತಡೆಯುವುದಿಲ್ಲ. ಹಾಗಾಗಿ ಕಾರು ಹತ್ತುವ ಮೊದಲೇ ಕಿವಿಯೊಳಗೆ, ಕೊರಳಪಟ್ಟಿಯ ಕೆಳಗೆ, ಕಂಕುಳಲ್ಲಿ, ಬೆರಳ ಸಂದಿಗಳಲ್ಲಿ ನೋಡಿ, ಚಿಮುಟದಿಂದ ಚರ್ಮಕ್ಕೆ ತೀರಾ ಹತ್ತಿರದಲ್ಲಿ ಹಿಡಿದು ನೇರವಾಗಿ ಎಳೆದು ತೆಗೆಯಿರಿ. ಬರಿಗೈಯಿಂದ ಹಿಸುಕಬಾರದು. ಮನುಷ್ಯರು ಹಚ್ಚಿಕೊಳ್ಳುವ ಕೀಟನಿವಾರಕ ತೈಲವನ್ನು ನಾಯಿಗೆ ಸವರಲೂ ಬಾರದು, ಏಕೆಂದರೆ ಅದು ನೆಕ್ಕಿಕೊಳ್ಳುತ್ತದೆ. ಮಂಗಗಳು ಸತ್ತುಬಿದ್ದ ಸುದ್ದಿ ಇರುವ ಕಾಡಿಗೆ ಹೋಗಲೇಬೇಡಿ.

ಎರಡನೆಯದು ಬಿಸಿಲು. ನಾಯಿ ತನ್ನ ಮೈಯನ್ನು ಬಹುಪಾಲು ಏದುಸಿರಿನಿಂದಲೇ ತಂಪಾಗಿಸಿಕೊಳ್ಳಬೇಕು, ನಮ್ಮಂತೆ ಮೈತುಂಬ ಬೆವರುವುದಿಲ್ಲ. ಬಂಡೆಯ ಮೇಲೆ ನಿಮ್ಮ ಅಂಗೈಯ ಹಿಂಬದಿಯನ್ನು ಐದಾರು ಸೆಕೆಂಡು ಇಟ್ಟುಕೊಳ್ಳಲು ಆಗದಿದ್ದರೆ ಅದರ ಪಾದಕ್ಕೂ ಅದು ಸುಡುತ್ತದೆ. ಬೆಳಗಿನ ಜಾವವೇ ಹೊರಟು ಬಿಸಿಲೇರುವುದರೊಳಗೆ ಇಳಿಯಿರಿ, ಅದರ ಪಾಲಿನ ನೀರನ್ನು ಬೇರೆಯಾಗಿಯೇ ಒಯ್ಯಿರಿ. ನಿಂತ ನೀರನ್ನು ಕುಡಿಸಬೇಡಿ. ಇಲಿಜ್ವರದ ಲಸಿಕೆಯನ್ನು ವರ್ಷಕ್ಕೊಮ್ಮೆ ಹಾಕಿಸಿ. ಜೊಲ್ಲು ಅಂಟಂಟಾಗಿ, ವಸಡು ಕಡುಗೆಂಪಾಗಿ, ನಡಿಗೆ ತೂರಾಡತೊಡಗಿದರೆ ಅದು ಬಿಸಿಲಾಘಾತ. ಕೂಡಲೇ ನೆರಳಿಗೆ ತಂದು ಮೈತುಂಬ ನೀರು ಸುರಿದು ಗಾಳಿ ಬೀಸಬೇಕು. ಒದ್ದೆ ಬಟ್ಟೆಯನ್ನು ಹೊದಿಸಿಯೇ ಬಿಟ್ಟರೆ ಅದು ಶಾಖವನ್ನು ಒಳಗೇ ಹಿಡಿದಿಡುತ್ತದೆ. ತಂಪು ಮಾಡಲು ಆರಂಭಿಸಿದ ಮೇಲೆಯೇ ಆಸ್ಪತ್ರೆಯತ್ತ ಹೊರಡಿ.

ಉತ್ತರ 3 (ಮಾಗಡಿ ಕಡೆಯ ಓದುಗರು)

ಬೆಟ್ಟದ ಬುಡದಲ್ಲಿ ಬದುಕುವವರ ಪರವಾಗಿ ಒಂದೆರಡು ಮಾತು. ನಮ್ಮಲ್ಲಿ ಕುರಿ, ಮೇಕೆಗಳು ಮೇಯುವುದು ಚಾರಣಿಗರು ಹತ್ತುವ ದಾರಿಯ ಅಕ್ಕಪಕ್ಕದಲ್ಲೇ. ನಾಯಿ ಕಚ್ಚಬೇಕೆಂದೇನಿಲ್ಲ, ಅಟ್ಟಿಸಿಕೊಂಡು ಹೋದರೆ ಸಾಕು, ಗಬ್ಬದ ಕುರಿ ಗಾಬರಿಯಿಂದಲೇ ಕಂದು ಹಾಕಬಹುದು (ಗರ್ಭಪಾತವಾಗಬಹುದು), ಮಂದೆ ಚದುರಿ ಬಂಡೆಯಿಂದ ಬೀಳಬಹುದು. ಮಂದೆ ಎದುರಾದಾಗ ದಾರಿ ಬಿಟ್ಟು ಪಕ್ಕಕ್ಕೆ ಸರಿದು, ನಾಯಿಯನ್ನು ನಿಮ್ಮ ಆಚೆ ಬದಿಗೆ ಕೂರಿಸಿಕೊಂಡು, ಕುರಿಗಾಹಿಯನ್ನು ಮಾತನಾಡಿಸಿ. ಮಂದೆ ಕಾಯುವ ನಾಯಿಗಳನ್ನು ಅವರೇ ಕರೆದುಕೊಳ್ಳುತ್ತಾರೆ.

ಬಂಡೆಯ ಮೇಲಿನ ದೊಣೆಗಳಲ್ಲಿ ನಾಯಿಯನ್ನು ಈಜಾಡಿಸುವವರನ್ನು ಕಂಡಾಗ ನನಗೆ ಬಹಳ ನೋವಾಗುತ್ತದೆ. ಆ ನೀರನ್ನು ಬೆಟ್ಟದ ದೇವರಿಗೆ ಬರುವ ಭಕ್ತರು ಕುಡಿಯುತ್ತಾರೆ, ಬೇಸಿಗೆಯಲ್ಲಿ ನವಿಲು, ಮುಂಗುಸಿಗಳಿಗೂ ಅದೇ ಆಸರೆ. ಹಾಗೆಯೇ ಮಲವನ್ನು ಹುಲ್ಲಿನಲ್ಲಿ ಬಿಡಬೇಡಿ. ನಾಯಿಯ ಹೊಟ್ಟೆಯ ಲಾಡಿಹುಳುವಿನ ಮೊಟ್ಟೆಗಳು ಹುಲ್ಲಿನ ಮೂಲಕ ಕುರಿಯ ದೇಹ ಸೇರಿ ಮಿದುಳಿನಲ್ಲಿ ನೀರುಗುಳ್ಳೆಗಳನ್ನು ಕಟ್ಟುತ್ತವೆ, ಕುರಿ ಒಂದೇ ಕಡೆಗೆ ತಲೆ ವಾಲಿಸಿ ಸುತ್ತುತ್ತಾ ಸಾಯುತ್ತದೆ. ಚೀಲದಲ್ಲಿ ಕಟ್ಟಿದ್ದನ್ನು ಪೊದೆಗೆ ಎಸೆಯದೆ ಊರಿಗೇ ಒಯ್ಯಿರಿ, ಜಂತುಹುಳುವಿನ ಔಷಧಿಯನ್ನು ತಪ್ಪಿಸಬೇಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಘಟ್ಟದ ಎರಡೂ ಯೋಜನೆಗಳನ್ನು ಕೈಬಿಟ್ಟಿದ್ದೇವೆ. ತೋಟದ ದಾರಿಯಲ್ಲಿ ಚಿಕ್ಕ ನಡಿಗೆಯಿಂದ ಆರಂಭಿಸುತ್ತೇವೆ. ಒಂದೇ ಅನುಮಾನ ಉಳಿದಿದೆ: ಕೊರಳಪಟ್ಟಿ ಸಾಕೇ, ಹಾರ್ನೆಸ್ ಬೇಕೇ?

ಉತ್ತರ 1 ಬರೆದವರು

ಮುಧೋಳ ನಾಯಿಯ ತಲೆ ಕುತ್ತಿಗೆಗಿಂತ ಸಪೂರವಾಗಿರುವುದರಿಂದ, ಅದು ಹಿಂದಕ್ಕೆ ಜಗ್ಗಿದರೆ ಸಾಧಾರಣ ಕೊರಳಪಟ್ಟಿ ಸುಲಭವಾಗಿ ಜಾರಿಹೋಗುತ್ತದೆ. ಎದೆಯ ಜೊತೆಗೆ ಹೊಟ್ಟೆಯ ಹಿಂಭಾಗಕ್ಕೂ ಒಂದು ಪಟ್ಟಿ ಇರುವ ಹಾರ್ನೆಸ್ ಕೊಳ್ಳಿರಿ, ಸುಮಾರು ಎರಡು ಮೀಟರ್ ಉದ್ದದ ಗಟ್ಟಿ ಲೀಶ್ ಹಾಕಿರಿ. ಗುಂಡಿ ಒತ್ತಿದರೆ ಉದ್ದವಾಗುವ ಲೀಶ್ ಪೊದೆಗಳಿರುವ ದಾರಿಗೆ ಆಗಿಬರುವುದಿಲ್ಲ. ಹೊಸ ಹಾರ್ನೆಸ್ಸನ್ನು ಕೆಲವು ದಿನ ಮನೆಯಲ್ಲೇ ತೊಡಿಸಿ, ಕಂಕುಳಲ್ಲಿ ಉಜ್ಜಿ ಗಾಯವಾಗುತ್ತಿಲ್ಲವೆಂದು ಖಚಿತವಾದ ಮೇಲೆಯೇ ಹೊರಡಿ.